ಹಳೇ ಗಾಡಿ ರಿಪೇರಿನಾ, ಹೊಸ ಫೋರ್ ವೀಲ್ ಡ್ರೈವಾ? ಇಷ್ಟು ವರ್ಷದಾಗ ಟ್ರ್ಯಾಕ್ಟರ್ ಒಳಗ ಖರೇನ ಬದಲಾಗಿದ್ದೇನು?

ಕಾರಟಗಿ_ಹುಡುಗ
ನಮಸ್ಕಾರ್ರೀ ಎಲ್ಲಾರಿಗೂ. ತುಂಗಭದ್ರಾ ಎಡದಂಡಿ ಕಾಲುವಿ ಕೆಳಗ ನಮ್ದು ನೆಲ್ಲಿನ ಗದ್ದಿ ಐತಿ, ಜೊತಿಗೆ ಸ್ವಲ್ಪ ಬಾಡಿಗಿನೂ ಹೊಡಿತೀವಿ. ಅಪ್ಪಾಜಿ ತಗೊಂಡಿದ್ದ 35 ಎಚ್‌ಪಿ ಗಾಡಿ ಇನ್ನೂ ಓಡ್ತೈತಿ, ತೊಂಬತ್ತರ ದಶಕದ್ದು, ಕಂಪನಿ ಹೆಸರು ಹಾಕಿದ್ರ ಇಲ್ಲಿ ಮ್ಯಾಸಿ ಪಾರ್ಟಿ ಮಹಿಂದ್ರಾ ಪಾರ್ಟಿ ಅಂತ ಜಗಳ ಸುರು ಆಗ್ತೈತಿ ಅದಕ್ಕ ಹಾಕಂಗಿಲ್ಲ. ಇಂಜಿನ್ ಒಂದ್ಸಲ ಫುಲ್ ಕೆಲ್ಸ ಆಗೈತಿ, ಈಗೂ ಒಂದೇ ಸೆಲ್ಫಿಗೆ ಎದ್ದೇಳ್ತೈತಿ. ಆದ್ರ ಹಿಂದಿನ ನೇಗಿಲು ಎತ್ತೋ ಲಿಫ್ಟ್ ಏಳೋದು ನಿಧಾನ ಆಗೈತಿ, ಬ್ರೇಕ್ ಅನ್ನೋದು ಹೆಸರಿಗಷ್ಟ, ಹಿಂದಿನ ಗಾಲಿ ಕಡಿಂದ ಆಯಿಲ್ ಜಿನುಗ್ತೈತಿ. ಮೆಕ್ಯಾನಿಕ್ಕು ಗೇರ್ ಬಾಕ್ಸ್ ಬಿಚ್ಚೋಣ ಅಂತಾನ, ನಮ್ಮ ತಮ್ಮ ಇದನ್ನ ಕೊಟ್ಟು ಹೊಸ ಫೋರ್ ವೀಲ್ ಡ್ರೈವ್ ತರೋಣ ಅಂತಾನ. ಯಾವ ಗಾಡಿ ತಗೋಬೇಕಂತ ಹೇಳೋಕೆ ಷೋರೂಮಿನವ್ರು ಅದಾರ. ನಂಗ ಬೇಕಾಗಿದ್ದು ಬ್ಯಾರೆ: ಇಷ್ಟು ವರ್ಷದಾಗ ಈ ಗಾಡಿಗಳ ಒಳಗ ಏನ್ ಸುಧಾರಿಸೈತಿ, ಬಾನೆಟ್ಟು ಲೈಟು ಸೀಟು ಬಿಟ್ಟು? ಗೊತ್ತಿದ್ದವ್ರು ಹೇಳ್ರಿ.

ಮಾನ್ವಿ_ಮಾವ
ಹೊಸದು ತಗೋಬ್ಯಾಡ ತಮ್ಮಾ. ಮುಗೀತು.

ಕಾರಟಗಿ_ಹುಡುಗ
ಮಾವ ಯಾಕಂತನಾದ್ರೂ ಹೇಳ್ರಲ್ಲ 😀

ಮಾನ್ವಿ_ಮಾವ
ಸಾಮಾನು ಸಿಗಬೇಕಲ್ಲಪಾ, ಅದಕ್ಕ. ಗಾಡಿ ಬಾಳಿಕಿ ಬರೋದು ಕಬ್ಬಿಣದಿಂದ ಅರ್ಧ, ಸಾಮಾನು ಸಿಗೋದ್ರಿಂದ ಅರ್ಧ. ಮ್ಯಾಸಿ 1035 ನೋಡು, ಅದರ ಮೂಲ ಫರ್ಗುಸನ್ 35, ಅಂದ್ರ 1950ರ ದಶಕದ ಡಿಸೈನು. ಅದನ್ನ ಇಲ್ಲಿ ಮಾಡಿದ ಟಾಫೆ ಕಂಪನಿ 1960ರಾಗ ಮದ್ರಾಸಿನ್ಯಾಗ ಸುರು ಆತು, ಇಂಜಿನ್ನು ಅದೇ ಊರಿನ ಸಿಂಪ್ಸನ್ದು, ಅದಕ್ಕೂ ಮೂಲ ಪರ್ಕಿನ್ಸ್. ಮಹಿಂದ್ರಾದವ್ರು 1963ರಾಗ ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಜೊತಿ ಸೇರಿ ಬಿ-275 ತಂದ್ರು, 475, 575 ಎಲ್ಲಾ ಆ ಬಳ್ಳಿದೇ ಕಾಯಿ. ಇವೆಲ್ಲ ವರ್ಷಾ ವರ್ಷಾ ಸ್ವಲ್ಪ ಸ್ವಲ್ಪ ಬದಲಾಗ್ಯಾವ, ಒಮ್ಮೆಲೇ ಬದಲಾಗಿಲ್ಲ, ಅದಕ್ಕ ನಿನ್ನ ತಾಲೂಕಿನ ಸಣ್ಣ ಅಂಗಡಿಯೊಳಗೂ ಪಿಸ್ಟನ್ನು, ಸೀಲು, ಕ್ಲಚ್ ಪ್ಲೇಟು ಸಿಗ್ತದ. ಎಚ್‌ಎಂಟಿ ಟ್ರ್ಯಾಕ್ಟರ್ ಇಟ್ಟವ್ರನ್ನ ಕೇಳು. 1971ರಾಗ ಪಿಂಜೋರ್ ಕಾರ್ಖಾನಿಯೊಳಗ ಚೆಕ್ ದೇಶದ ಜೆಟರ್ ಡಿಸೈನ್ ಮ್ಯಾಲ ಸುರು ಮಾಡಿದ್ದು, ಗಟ್ಟಿ ಇಂಜಿನ್ನು. 2016ರಾಗ ಕೇಂದ್ರ ಸರಕಾರ ಆ ವಿಭಾಗ ಮುಚ್ಚಿಬಿಡ್ತು. ಗಾಡಿ ಚಲೋ ಅದ, ಹಿಂದ ಕಂಪನಿ ಇಲ್ಲ, ಏನ್ ಮಾಡ್ತೀ?

ಕ್ಯಾಂಪ್_ಶ್ರೀನು
ಮಾವ ಹೇಳಿದ್ದು ಸರಿ ಆದ್ರೆ ಪೂರ್ತಿ ಸರಿ ಅಲ್ಲ. ಡಿಸೈನ್ ಹಳೇದಿದ್ದರೂ ನಾವು ಮಾಡಿಸೋ ಕೆಲಸ ಬದಲಾಗಿದೆ. ಮೊದಲು ದಮ್ಮು, ಅಂದ್ರೆ ನಾಟಿಗೆ ಗದ್ದೆ ಕೆಸರು ಮಾಡೋದು, ಹೊಡಿಬೇಕಾದ್ರೆ ಕೇಜ್ ವೀಲ್ ಅನ್ನೋ ಕಬ್ಬಿಣದ ಪಂಜರದ ಗಾಲಿ ಹಾಕಿ ಹಿಂದೆ ಹಲಿಗೆ ಕಟ್ಟಿ ತಿರುಗಿಸ್ತಿದ್ವಿ, ಆಗ ಭಾರ ಎಲ್ಲಾ ಹಿಂದಿನ ಆಕ್ಸಲ್ ಮೇಲೆ ಬೀಳ್ತಿತ್ತು, ಹಾಫ್ ಕೇಜ್ ಆದ್ರೆ ಟೈರಿನ ಹೊರಗೆ ಚಾಚ್ಕೊಂಡಿರುತ್ತೆ ಹಂಗಾಗಿ ಆಕ್ಸಲ್ ಬೇರಿಂಗಿಗೆ ಇನ್ನೂ ಜಾಸ್ತಿ. ಈಗ ಎಲ್ಲರೂ ರೊಟಾವೇಟರ್, ಬ್ಲೇಡು ತಿರುಗಿ ಮಣ್ಣು ಕಡಿಯೋದು. ಅಂದ್ರೆ ಇಂಜಿನ್ ಶಕ್ತಿನ ಹಿಂದಿನ ಉಪಕರಣಕ್ಕೆ ಕೊಡೋ ಪಿಟಿಓ ಶಾಫ್ಟು, ಅದರ ಸೀಲು, ಕ್ಲಚ್ಚು, ಗೇರ್ ಬಾಕ್ಸು ಇವುಕ್ಕೆ ಕೆಲಸ ಜಾಸ್ತಿ, ಅದೂ ತಾಸುಗಟ್ಟಲೆ ಒಂದೇ ಲೋಡಲ್ಲಿ. 35 ಎಚ್‌ಪಿ ಹಳೇ ಗಾಡಿನ ರೊಟಾವೇಟರ್ ಲೆಕ್ಕಕ್ಕೆ ಮಾಡಿರಲಿಲ್ಲ ಅದನ್ನ ನೇಗಿಲು ಕಲ್ಟಿವೇಟರ್ ಎಳೆಯೋಕೆ ಮಾಡಿದ್ದು. ಅದಕ್ಕೇ ಡಬಲ್ ಕ್ಲಚ್ ಬಂತು, ಗೇರ್ ಹಾಕಿ ನಿಂತರೂ ರೊಟಾವೇಟರ್ ತಿರುಗ್ತಾ ಇರುತ್ತೆ. ಇದು ಬಾನೆಟ್ ಬದಲಾವಣೆ ಅಲ್ಲ, ಕೆಲಸಕ್ಕೆ ಬರೋ ಬದಲಾವಣೆ.

ಪಾನಾ_18_19
ಗಂಗಾವತಿ ಕಡಿ ಟ್ರ್ಯಾಕ್ಟರ್ ಕೆಲ್ಸಾನೇ ನಮ್ದು. ಕಾರಟಗಿ ಅಣ್ಣಾರ, ಮೊದ್ಲ ಗೇರ್ ಬಾಕ್ಸ್ ಬಿಚ್ಚಸಬ್ಯಾಡ್ರಿ. ನೀವು ಹೇಳಿದ್ದು ಮೂರು ರೋಗ ಇದ್ದಂಗ ಕಾಣ್ತೈತಿ ಆದ್ರ ಒಂದೇ ಇರಬೋದು. ನಿಮ್ದು ಫರ್ಗುಸನ್ ನಮೂನಿ ಲಿಫ್ಟಿನ ಗಾಡಿ ಆಗಿದ್ರ ಲಿಫ್ಟ್ ಪಂಪು ಹೊರಗ ಇರಂಗಿಲ್ಲ, ಹಿಂದಿನ ಹೌಸಿಂಗ್ ಒಳಗ ಆಯಿಲ್‌ನಾಗ ಮುಳುಗಿ ಕುಂತಿರ್ತೈತಿ. ಅಂದ್ರ ಗೇರಿಗೂ, ಕ್ರೌನಿಗೂ, ಲಿಫ್ಟಿಗೂ ಒಂದೇ ಆಯಿಲ್ಲು. ಈಗ ಹಿಂದಿನ ಆಕ್ಸಲ್ ಸೀಲ್, ಅಂದ್ರ ಆಯಿಲ್ ಹೊರಗ ಬರದಂಗ ತಡೆಯೋ ರಬ್ಬರ್ ಬಳಿ, ಹೋತಂದ್ರ ಏನಾಗ್ತೈತಿ ನೋಡ್ರಿ. ಒಣಾ ನೆಲದಾಗ ಆಯಿಲ್ ಹೊರಗ ಬಂದು ಬ್ರೇಕ್ ಲೈನರ್ ತೋಯಿಸ್ತೈತಿ, ಬ್ರೇಕ್ ಹೋತು. ಕೆಸರಾಗ ಅದೇ ದಾರಿಲಿಂದ ನೀರು ಒಳಗ ಹೊಕ್ತೈತಿ, ಆ ನೀರು ಕೂಡಿದ ಆಯಿಲ್ ಪಂಪಿನ ವಾಲ್ವು ತಿಂತೈತಿ, ಲಿಫ್ಟ್ ನಿಧಾನ ಆತು. ಇನ್ನ ಗಾಲಿ ಹತ್ರ ಜಿನುಗೋದು ನೀವೇ ನೋಡೀರಿ.

ಪರೀಕ್ಷೆ ಸಸ್ತಾದಾಗ ಆಗ್ತೈತಿ. ರಾತ್ರಿ ಗಾಡಿ ಸಪಾಟ ಜಾಗದಾಗ ನಿಲ್ಸಿ, ಬೆಳಿಗ್ಗೆ ಸ್ಟಾರ್ಟ್ ಮಾಡೂಕ ಮೊದ್ಲ ಕೆಳಗಿನ ಡ್ರೈನ್ ಬೋಲ್ಟು ಸ್ವಲ್ಪ ಸಡಿಲ ಮಾಡ್ರಿ, ಪೂರಾ ತೆಗೀಬ್ಯಾಡ್ರಿ. ನೀರು ಆಯಿಲ್‌ಗಿಂತ ಭಾರ, ತಳಕ್ಕ ಕುಂತಿರ್ತೈತಿ, ಇದ್ರ ಮೊದ್ಲ ಅದೇ ಬರ್ತೈತಿ. ನೀರು ಬ್ಯಾರೆ ಆಗದ ಕಲಸಿಬಿಟ್ಟಿದ್ರ ಆಯಿಲ್ಲೇ ಚಹಾದ ಬಣ್ಣ ಬಂದಿರ್ತೈತಿ.

ಸಿಂಧನೂರು_ಎರೆ
ಪಾನಾ ಸಾಹೇಬ್ರು ಕರೆಕ್ಟ್ ಹೇಳ್ಯಾರ. ನಮ್ಮ ಎರೆ ಕೆಸರು ಗೊತ್ತಲ್ಲ, ಹತ್ತಿತು ಅಂದ್ರ ಬಿಡೋದಿಲ್ಲ. ನಾನು ಹೋದ ಸಲ ಹೊಸ ಫೋರ್ ವೀಲ್ ತಗೊಂಡೆ, ಹೆಸರು ಬ್ಯಾಡ, ಇಂಜಿನ್ ಬಗ್ಗೆ ಒಂದು ಮಾತೂ ಇಲ್ಲ, ಹೊಲದಾಗ ಹುಲಿ. ಎರಡನೇ ಹಂಗಾಮು ಮುಗಿಯೂದ್ರಾಗ ಮುಂದಿನ ಆಕ್ಸಲ್ ಸೀಲು ಹೋದ್ವು, ಬಿಚ್ಚಿ ನೋಡಿದ್ರ ಒಳಗ ಗೇರ್ ಆಯಿಲ್ ಬದಲಿ ಬರೇ ರಾಡಿ. ವಾರಂಟಿ ಕೇಳಿದ್ರ ಸೀಲು ಅದರಾಗ ಬರಂಗಿಲ್ರಿ ಅಂದ್ರು. ಸೀಲಿನ ರೇಟು ಏನೂ ಅಲ್ಲ, ಬೇರಿಂಗು ಬೆವಲ್ ಗೇರು ಹೋಗಿದ್ವಲ್ಲ ಅದರ ಬಿಲ್ಲು ನೋಡಿ ತಲಿ ತಿರುಗ್ತು. ಟೂ ವೀಲ್ ಡ್ರೈವಿನ್ಯಾಗ ಮುಂದ ಬರೇ ಹಬ್ಬು ಬೇರಿಂಗು ಇರ್ತಿದ್ವು, ಗ್ರೀಸ್ ಹೊಡದ್ರ ಮುಗೀತು. ಫೋರ್ ವೀಲ್ ಅಂದ್ರ ಮುಂದೂ ಒಂದು ಗೇರ್ ಬಾಕ್ಸ್ ಸಾಕಿದಂಗ.

ಮಾನ್ವಿ_ಮಾವ
ನೋಡಿದ್ಯಾ ತಮ್ಮಾ. ನಾ ಹೇಳಿದ್ದೇ.

ಸಿಂಧನೂರು_ಎರೆ
ಮಾವ ತಡೀರಿ, ನಾ ಫೋರ್ ವೀಲ್ ಬ್ಯಾಡ ಅಂದಿಲ್ಲ. ಟೂ ವೀಲ್ ಸಿಕ್ಕೊಳ್ಳೋ ಗದ್ದಿಯೊಳಗ ಅದು ದಾಟಿ ಬರ್ತದ, ಇನ್ನೊಂದು ಗಾಡಿ ಕರದು ಎಳೆಸೋದು ತಪ್ಪ್ಯದ. ಸೀಲ್ ನೋಡ್ಕೋಬೇಕು ಅಂದೆ ಅಷ್ಟ.

ರಾಯಚೂರು_ಅಗ್ರಿ_ಇಂಜಿ
ಈ ಚರ್ಚೆ ಓದ್ತಿದ್ರೆ ನಂಗೆ ಎಟಿವಿ ನೆನಪಾಗ್ತಾವ. ಅದೇ ಹ್ಯಾಂಡಲ್ ಇರೋ ನಾಕು ಗಾಲಿ ಬೈಕು, ನಮ್ಮ ಕಡೆ ರೆಸಾರ್ಟ್‌ನಾಗ ಸುತ್ತು ಹೊಡಿಸ್ತಾರಲ್ಲ. ಅಮೆರಿಕದಾಗ ಅದು ಆಟದ ಸಾಮಾನಲ್ಲ, ರೈತರು ಬೇಲಿ ನೋಡಾಕ, ಮೇವು ಹೇರಾಕ, ಕೆಸರಾಗ ಓಡಾಡಾಕ ಇಟ್ಕೊಂಡಿರ್ತಾರ. ಗೆಳೆಯ ಒಬ್ಬ ಬಾಜಾ ಅನ್ನೋ ಕಾಲೇಜು ಹುಡುಗರ ಸ್ಪರ್ಧೆಗೆ ಗಾಡಿ ಕಟ್ಟೋ ಟೀಮಿನ್ಯಾಗ ಇದ್ದ, ಆಗ ಇದನ್ನೆಲ್ಲ ಕೂತು ಓದಿದ್ವಿ.

ಹೋಂಡಾದವ್ರು ಫೋರ್‌ಟ್ರಾಕ್ಸ್ 300 ಅಂತ 1988ರಿಂದ 2000ದವರೆಗೂ ಹೆಚ್ಚುಕಮ್ಮಿ ಹಂಗೇ ಮಾರಿದ್ರು. ಗೇರು, ತಾನೇ ಹಿಡಿಯೋ ಕ್ಲಚ್ಚು, ಚೈನ್ ಬದಲಿ ಶಾಫ್ಟು, ಹಿಂದ ಒಂದೇ ಗಟ್ಟಿ ಆಕ್ಸಲ್. ಅದೇ ಟೈಮಿನ್ಯಾಗ ಪೋಲಾರಿಸ್ ಬ್ಯಾರೆ ದಾರಿ ಹಿಡೀತು, 1985ರಾಗ ಸುರು ಮಾಡಿದಾಗ್ಲೇ ಬೆಲ್ಟಿನ ಆಟೋಮ್ಯಾಟಿಕ್ಕು, ಆಮ್ಯಾಲ 1996ರ ಸ್ಪೋರ್ಟ್ಸ್‌ಮನ್ ಗಾಡಿಗೆ ಹಿಂದಿನ ಎರಡೂ ಗಾಲಿಗೆ ಬ್ಯಾರೆ ಬ್ಯಾರೆ ಸಸ್ಪೆನ್ಷನ್ನು. ಕುಂತವ್ರಿಗೆ ಸೊಂಟ ಉಳೀತು. ಆದ್ರ ಗಾಲಿ ಮ್ಯಾಲೆ ಕೆಳಗೆ ಆಡಬೇಕಂದ್ರ ಆಕ್ಸಲ್ಲಿಗೆ ಕೀಲು ಬೇಕು, ಕೀಲಿಗೆ ರಬ್ಬರ್ ಬೂಟು ಬೇಕು, ಬೂಟು ಒಂದು ಕಡ್ಡಿ ಚುಚ್ಚಿ ಹರೀತಂದ್ರ ಕೆಸರು ಹೊಕ್ಕು ಕೀಲು ಮುಗೀತು. ಬೆಲ್ಟಿನ ಡಬ್ಬಿಗೆ ನೀರು ಹೋದ್ರ ಬೆಲ್ಟ್ ಜಾರ್ತದ, ಗಾಡಿ ಮುಂದಕ್ಕ ಹೋಗಂಗಿಲ್ಲ. ಅಂದ್ರ ಸಿಂಧನೂರು ಅಣ್ಣ ಹೇಳಿದ್ದೇ ಕತಿ, ಒಂದು ಅನುಕೂಲ ಕೊಟ್ರ ನೀರು ಹೊಕ್ಕೋ ಬಾಗಿಲು ಒಂದು ಜಾಸ್ತಿ ಆಗ್ತದ.

ಇನ್ನೊಂದು ಸಣ್ಣ ವಿಷಯ. ಆ ಎಟಿವಿಗಳ ಡಿಫರೆನ್ಷಿಯಲ್ ಮ್ಯಾಲೆ ಉಸಿರಾಡೋ ತೂತು ಅಂದ್ರ ಬ್ರೀದರ್ ಇರ್ತದಲ್ಲ, ಅದಕ್ಕ ಒಂದು ರಬ್ಬರ್ ಪೈಪ್ ಹಾಕಿ ಮ್ಯಾಲೆ ಹ್ಯಾಂಡಲ್ ಹತ್ರ ಒಯ್ದಿರ್ತಾರ. ನೀರಾಗ ಇಳದ್ರೂ ಬಾಯಿ ಮುಳಗಬಾರ್ದಂತ. ನಮ್ಮ ಟ್ರ್ಯಾಕ್ಟರ್ ಆಕ್ಸಲ್ ಬ್ರೀದರ್ ಎಲ್ಲಿ ಇರ್ತದ, ಯಾರಾದ್ರೂ ನೋಡೀರೇನು?

ಪಾನಾ_18_19
ತಮ್ಮಾ ನೀನು ಕಾಲೇಜಿನ್ಯಾಗ ಓದೋದು ಸಾರ್ಥಕ ಆತು ನೋಡು. ಇದನ್ನ ಯಾರೂ ನೋಡಂಗಿಲ್ಲ. ಬ್ರೀದರ್ ಅನ್ನೋದು ಆಕ್ಸಲ್ ಮ್ಯಾಲಿನ ಸಣ್ಣ ಟೋಪಿ, ಕೆಸರು ಮೆತ್ತಿ ಒಣಗಿ ಬಂದ್ ಆಗಿಬಿಟ್ಟಿರ್ತೈತಿ. ಈಗ ಕೇಳ್ರಿ ಎಲ್ಲಾರೂ. ಗಾಡಿ ರೋಡಿನ ಮ್ಯಾಲ ಓಡಿ ಬಂದಿರ್ತೈತಿ, ಆಕ್ಸಲ್ ಬಿಸಿ, ಒಳಗಿನ ಗಾಳಿ ಹಿಗ್ಗಿರ್ತೈತಿ. ಸೀದಾ ಕಾಲುವಿ ನೀರು ತುಂಬಿದ ಗದ್ದಿಗೆ ಇಳಿಸ್ತೀರಿ. ಹೌಸಿಂಗ್ ತಣ್ಣಗಾತು, ಗಾಳಿ ಕುಗ್ಗಿತು, ಬ್ರೀದರ್ ಬಂದ್ ಐತಿ ಅಂದ್ರ ಗಾಳಿ ಎಲ್ಲಿಂದ ಎಳಕೊಳ್ಳಬೇಕು? ಸೀಲಿನ ಸಂದಿನ್ಯಾಗಿಂದ. ಅಲ್ಲಿ ಸುತ್ತ ನೀರು. ಹೊಸಾ ಸೀಲ್ ಇದ್ರೂ ಹಿಂಗ ನೀರು ಕುಡೀತೈತಿ. ಆಮ್ಯಾಲ ಸೀಲ್ ಡೂಪ್ಲಿಕೇಟ್ ಕೊಟ್ಟಾನ ಅಂತ ಅಂಗಡಿಯವನ ಜೊತಿ ಜಗಳ.

ಎರಡನೇದು, ಸೀಲ್ ಹಾಕಿಸಿದ ಒಂದ್ ತಿಂಗಳಿಗೇ ಮತ್ತ ಜಿನುಗ್ತೈತಿ ಅಂತ ಬರ್ತಾರಲ್ಲ, ಅದರ ಕಾರಣ ಬ್ಯಾರೆ. ಸೀಲಿನ ತುಟಿ ವರ್ಷಾನುಗಟ್ಟಲೆ ಒಂದೇ ಜಾಗದಾಗ ತಿಕ್ಕಿ ತಿಕ್ಕಿ ಶಾಫ್ಟಿನ ಮ್ಯಾಲ ಗೆರಿ ಬಿದ್ದಿರ್ತೈತಿ, ಉಗುರಿಗೆ ಸಿಗ್ತೈತಿ ನೋಡ್ರಿ. ಆ ಗೆರಿ ಮ್ಯಾಲ ಹೊಸಾ ಸೀಲ್ ಕುಂದ್ರಿಸಿದ್ರ ತುಟಿ ಹತ್ತಂಗಿಲ್ಲ. ಸೀಲನ್ನ ಒಂದೆರಡು ಎಂಎಂ ಒಳಗ ಇಲ್ಲಾ ಹೊರಗ ಸರಿಸಿ ಕುಂದ್ರಿಸಬೇಕು, ಇಲ್ಲಾ ಶಾಫ್ಟಿಗೆ ಸ್ಲೀವ್, ಅಂದ್ರ ತೆಳ್ಳನ ಉಕ್ಕಿನ ಕೊಳವಿ, ಹಾಕಿಸಬೇಕು. ಮೂರನೇದು ಹುಲ್ಲು. ಕಟಿಂಗ್ ಮಷಿನ್ ಬಿಟ್ಟು ಹೋದ ನೆಲ್ಲು ಹುಲ್ಲು, ಗೊಬ್ಬರ ಚೀಲದ ದಾರ, ಇವೆಲ್ಲ ಹಬ್ಬಿಗೆ ಸುತ್ಕೊಂಡು ಒಳಗ ಸರೀತಾವ, ಸೀಲಿನ ತುಟಿ ಕೊಯ್ದಾವ. ಗದ್ದಿಯಿಂದ ಮ್ಯಾಲ ಬಂದ ಕೂಡ್ಲೇ ಒಂದು ಕುಡಗೋಲು ತಗೊಂಡು ಅದನ್ನ ಕಿತ್ತು ಹಾಕಿದ್ರ ಅರ್ಧ ಸೀಲ್ ಉಳೀತಾವ.

ಕ್ಯಾಂಪ್_ಶ್ರೀನು
ನೈಲಾನ್ ದಾರ ಮಾತ್ರ ವಿಷ. ಬೆಂಕಿ ಹಾಕಿದ್ರೂ ಕರಗಿ ಶಾಫ್ಟಿಗೆ ಅಂಟ್ಕೊಳುತ್ತೆ.

ಸಿರುಗುಪ್ಪ_ಸೋನಾ
ಬ್ರೇಕ್ ಬಗ್ಗೆ ಯಾರೂ ಬರೀಲಿಲ್ಲ ಅದಕ್ಕೆ ನಾನು ಬರೀತೀನಿ. ನಮ್ಮನೇಲಿ ಎರಡೂ ಐತೆ, ಒಂದು ಡ್ರೈ ಬ್ರೇಕ್ ಹಳೇದು ಒಂದು ಆಯಿಲ್ ಬ್ರೇಕ್. ಡ್ರೈ ಬ್ರೇಕು ಕೆಸರಿಗೆ ಇಳಿದ ಮೇಲೆ ದೇವರೇ ಗತಿ, ನೆಲ್ಲು ತುಂಬಿದ ಟ್ರಾಲಿ ಇಟ್ಕೊಂಡು ಏರಿ ಇಳಿಬೇಕಾದ್ರೆ ಎದೆ ಡವ ಡವ ಅಂತೈತೆ, ಎಡಗಡೆ ಹಿಡಿದ್ರೆ ಬಲಗಡೆ ಹಿಡಿಯಲ್ಲ ಗಾಡಿ ಪಕ್ಕಕ್ಕೆ ಎಳೀತೈತೆ. ಆಯಿಲ್ ಬ್ರೇಕಲ್ಲಿ ಪ್ಲೇಟುಗಳು ಹೌಸಿಂಗ್ ಒಳಗೆ ಆಯಿಲಲ್ಲೇ ಇರ್ತಾವೆ ಹೊರಗಿನ ನೀರು ಅಷ್ಟು ಸುಲಭಕ್ಕೆ ಹೋಗಲ್ಲ, ಸವೆಯೋದೂ ನಿಧಾನ. ನನ್ನ ಕೇಳಿದ್ರೆ ಇಷ್ಟು ವರ್ಷದಲ್ಲಿ ಬಂದ ದೊಡ್ಡ ಸುಧಾರಣೆ ಪವರ್ ಸ್ಟೇರಿಂಗೂ ಅಲ್ಲ ಫೋರ್ ವೀಲೂ ಅಲ್ಲ ಇದೇ. ಆದ್ರೆ ಒಂದು, ಕೆಟ್ಟಾಗ ಡ್ರೈ ಬ್ರೇಕನ್ನ ಪಕ್ಕದಿಂದ ಬಿಚ್ಚಿ ಮರದ ಕೆಳಗೆ ಕೂತು ರಿಪೇರಿ ಮಾಡಬೋದು, ಇದಕ್ಕೆ ಆಕ್ಸಲ್ ಹೌಸಿಂಗೇ ಇಳಿಸಬೇಕು.

ಮಸಾರಿ_ಯಲಬುರ್ಗಾ
ನಿಮ್ದೆಲ್ಲ ನೀರಿನ ಕಷ್ಟ, ನಮ್ದು ಧೂಳಿನ ಕಷ್ಟ. ಮಸಾರಿ ಹೊಲ, ಸಜ್ಜಿ ತೊಗರಿ, ವರ್ಷಕ್ಕ ಒಂದ್ಸಲ ಸೀಲ್ ಕಡಿ ನೋಡಿದ್ರೂ ನಡೀತೈತಿ ಆದ್ರ ಏರ್ ಫಿಲ್ಟರ್ ಮರತ್ರ ಇಂಜಿನ್ ಸಿಲಿಂಡರ್ ಸವೆದು ಬೋರಿಗೆ ಬಂತು. ಹಳೇ ಆಯಿಲ್ ಬಾತ್ ಫಿಲ್ಟರ್ ಬಟ್ಲ ಬಿಚ್ಚಿ ರಾಡಿ ಚೆಲ್ಲಿ ಹೊಸಾ ಆಯಿಲ್ ಹಾಕಿದ್ರ ಮುಗೀತು, ದುಡ್ಡಿಲ್ಲದವನೂ ಮಾಡ್ಕೊಂತಾನ. ಈಗಿನ ಡ್ರೈ ಫಿಲ್ಟರ್ ಧೂಳು ಇನ್ನೂ ಚಲೋ ಹಿಡೀತೈತಿ ನಿಜ, ಆದ್ರ ನಮ್ಮ ಡ್ರೈವರ್ರು ಅದನ್ನ ಟೈರಿಗೆ ಬಡದು ಬಡದು ಕಾಗದ ಹರೀತಾರ, ಹರದದ್ದು ಕಣ್ಣಿಗೆ ಕಾಣಂಗಿಲ್ಲ, ಆಮ್ಯಾಲ ಇಂಜಿನ್ ಹೊಗಿ ಬಿಡ್ತೈತಿ ಅಂತ ಕಂಪನಿಗೆ ಬೈತಾರ.

ನಂದು ಸ್ವರಾಜ್ 724, ಎರಡೇ ಸಿಲಿಂಡರು. ಆ ಹೆಸರಿನ ಮೊದ್ಲಿನ ಗಾಡಿ 1974ರಾಗ ಬಂತು, ದುರ್ಗಾಪುರದ ಸರಕಾರಿ ಸಂಶೋಧನಾ ಸಂಸ್ಥೆಯೊಳಗ ನಮ್ಮವರೇ ಮಾಡಿದ ಡಿಸೈನು, ಹೊರಗಿನವ್ರದಲ್ಲ. ಒಣಬೇಸಾಯಕ್ಕ ಇಷ್ಟು ಸಾಕು. ನೆಲ್ಲಿನ ಕೆಸರಿಗೆ ನಾನಂತೂ ಕೊಡಂಗಿಲ್ಲ ಬಾಡಿಗಿ ಎಷ್ಟಾರ ಕೊಡ್ಲಿ.

ಮಾನ್ವಿ_ಮಾವ
ಬೇಸಿಗಿ ಬೆಳಿಗೆ ನೀರು ಬಿಟ್ರ ಕೆಸರು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಗೇಟು ಕೊಚ್ಚಿ ಹೋದಾಗ ನಮ್ಮೂರಾಗ ಯಾರೂ ಮಲಗಿಲ್ಲ. ಟ್ರ್ಯಾಕ್ಟರ್ ಕಂತು ಕಟ್ಟೋದು ಆ ನೀರಿನ ಮ್ಯಾಲ ನಿಂತದ, ಷೋರೂಮಿನವ್ರು ಇದನ್ನ ಲೆಕ್ಕಕ್ಕ ಹಿಡಿಯಂಗಿಲ್ಲ. ಕಾರಟಗಿ ತಮ್ಮಾ ಸಾಲದ ಗಾಡಿ ತರೂಕ ಮೊದ್ಲ ಒಂದು ಬೆಳಿ ಹೋದ್ರ ಕಂತು ಎಲ್ಲಿಂದ ಅಂತ ಕೇಳ್ಕೋ.

ಕಾರಟಗಿ_ಹುಡುಗ
ಮಾವ ಅದು ಖರೇ. ಅದಕ್ಕೇ ಇಷ್ಟು ಯೋಚನಿ ಮಾಡ್ತಿರೋದು.

ಪಾನಾ ಅಣ್ಣಾ, ಡ್ರೈನ್ ಬೋಲ್ಟ್ ಸಡಿಲ ಮಾಡಿದ್ವಿ. ಮೊದ್ಲ ನೀರೇ ಬಂತು, ಬರೇ ನೀರು, ಸಣ್ಣ ಧಾರಿ. ಆಮ್ಯಾಲ ಚಹಾ ಬಣ್ಣದ ಆಯಿಲ್. ತಮ್ಮ ಬಾಯಿ ಮ್ಯಾಲ ಕೈ ಇಟ್ಕೊಂಡ. ಬ್ರೀದರ್ ಹುಡುಕೋದ್ರಾಗ ಅರ್ಧ ತಾಸು ಹೋತು, ಕೆಸರು ಗಟ್ಟಿಯಾಗಿ ಅದು ಇರೋದೇ ಗೊತ್ತಾಗ್ತಿರಲಿಲ್ಲ. ಈಗ ಏನ್ ಮಾಡ್ಲಿ?

ಪಾನಾ_18_19
ಆಯಿಲ್ ಪೂರಾ ಇಳಸ್ರಿ, ಸ್ವಲ್ಪ ಡೀಸೆಲ್ ಹಾಕಿ ತೊಳದು ಅದನ್ನೂ ಪೂರಾ ಇಳಸ್ರಿ, ಆ ಡೀಸೆಲ್ ಹಾಕ್ಕೊಂಡು ಗಾಡಿ ಓಡಿಸಬ್ಯಾಡ್ರಿ, ಪಂಪ್ ಹೋಗ್ತೈತಿ. ಎರಡೂ ಕಡಿ ಆಕ್ಸಲ್ ಸೀಲ್ ಬದಲಿಸ್ರಿ, ಒಂದೇ ಕಡಿ ಅಂತ ಉಳಿತಾಯ ಮಾಡಬ್ಯಾಡ್ರಿ, ಶಾಫ್ಟಿನ ಗೆರಿ ನಾ ಹೇಳಿದಂಗ ನೋಡ್ರಿ, ಬೇರಿಂಗ್ ಕೈಯಾಗ ತಿರುಗಿಸಿ ಖರಖರ ಅಂದ್ರ ಅದನ್ನೂ ತೆಗೀರಿ. ಬ್ರೇಕ್ ಲೈನರ್ ಆಯಿಲ್ ಕುಡದಿದ್ರ ತೊಳದು ಹಾಕಿದ್ರ ಬರಂಗಿಲ್ಲ, ಹೊಸಾವೇ ಹಾಕ್ರಿ. ಹೊಸಾ ಆಯಿಲ್ ಹಾಕಿ ಒಂದು ವಾರ ಓಡಿಸಿ ಲಿಫ್ಟ್ ನೋಡ್ರಿ. ಅದಾದ ಮ್ಯಾಲೂ ನಿಧಾನ ಇತ್ತಂದ್ರ ಆಗ ಪಂಪ್ ಬಿಚ್ಚೋ ಮಾತು. ಕೈಪಿಡಿಯಾಗ ಗೇರ್ ಆಯಿಲ್ 1,000 ತಾಸಿಗೆ ಅಂತ ಇರ್ತೈತಿ ನೋಡ್ರಿ, ಅದು ಒಣಾ ಹೊಲದ ಮಾತು, ನೆಲ್ಲು ಗದ್ದಿಯವ್ರು ಪ್ರತಿ ಹಂಗಾಮು ಮುಗಿದ ಮ್ಯಾಲ ಡ್ರೈನ್ ಸಡಿಲ ಮಾಡಿ ನೋಡಬೇಕು.

ಸಿರುಗುಪ್ಪ_ಸೋನಾ
ಆ ಬ್ರೀದರಿಗೆ ಪೈಪ್ ಹಾಕಿ ಸೀಟ್ ಕೆಳಗೆ ತರಬೋದಲ್ವಾ, ಎಟಿವಿ ಥರಾನೇ? ನಮ್ಮ ವೆಲ್ಡಿಂಗ್ ಅಂಗಡಿ ಹುಡುಗ ಒಂದು ನಿಪ್ಪಲ್ ಮಾಡಿಕೊಡ್ತಾನೆ.

ಪಾನಾ_18_19
ಮಾಡಬೋದು. ಥ್ರೆಡ್ ಸೈಜು ನೋಡಿ ನಿಪ್ಪಲ್ ಮಾಡಸ್ರಿ, ಡೀಸೆಲ್ ಪೈಪ್ ಇದ್ರೂ ನಡೀತೈತಿ. ಮ್ಯಾಲಿನ ತುದಿ ಕೆಳಕ್ಕ ಬಗ್ಗಿಸಿರಬೇಕು ಇಲ್ಲಾಂದ್ರ ಮಳಿ ನೀರು ಅದರಾಗೇ ಹೋಗ್ತೈತಿ, ಬಾಯಿಗೆ ಒಂದು ಸಣ್ಣ ಜಾಳಗಿ ಕಟ್ರಿ ಕಣಜ ಗೂಡು ಕಟ್ಟಬಾರ್ದು.

ರಾಯಚೂರು_ಅಗ್ರಿ_ಇಂಜಿ
ಕಾರಟಗಿ ಅಣ್ಣನ ಮೂಲ ಪ್ರಶ್ನಿಗೆ ಬರೋಣ, ಒಳಗ ಏನ್ ಬದಲಾಗ್ಯದ ಅಂತ. ನಂಗೆ ಮುಖ್ಯ ಅನ್ನಿಸಿದ್ದು ಜಾಹೀರಾತಿನ್ಯಾಗ ಬರೋದೇ ಇಲ್ಲ. ಕ್ಯಾಸೆಟ್ ಸೀಲ್ ಅಂತ ಬಂದದ. ಹಳೇ ಸೀಲಿನ ತುಟಿ ಶಾಫ್ಟಿನ ಮ್ಯಾಲೇ ತಿಕ್ತಿತ್ತು, ಅದಕ್ಕ ಪಾನಾ ಅಣ್ಣ ಹೇಳಿದ ಗೆರಿ ಬೀಳ್ತದ. ಕ್ಯಾಸೆಟ್ ಸೀಲ್ ತನ್ನ ಜೊತೀಲೇ ಒಂದು ಉಕ್ಕಿನ ಬಳಿ ತರ್ತದ, ತುಟಿ ಅದರ ಮ್ಯಾಲೆ ತಿಕ್ತದ, ಒಂದಕ್ಕಿಂತ ಹೆಚ್ಚು ತುಟಿ ಇರ್ತಾವ, ಶಾಫ್ಟಿಗೆ ಏನೂ ಆಗಂಗಿಲ್ಲ. ಹೊಸಾ ಗಾಡಿ ನೋಡಾಕ ಹೋದಾಗ ಎಚ್‌ಪಿ ಕೇಳಬ್ಯಾಡ್ರಿ, ಹಿಂದ ಮುಂದ ಆಕ್ಸಲ್ಲಿಗೆ ಯಾವ ಸೀಲ್ ಹಾಕೀರಿ ಅಂತ ಕೇಳ್ರಿ, ಮಾರೋ ಹುಡುಗ ತಬ್ಬಿಬ್ಬಾಗ್ತಾನ. ಸರ್ವಿಸ್ ಇನ್‌ಚಾರ್ಜಿಗೆ ಗೊತ್ತಿರ್ತದ.

ಇನ್ನೊಂದು, ಸರಕಾರಿ ಟೆಸ್ಟ್ ರಿಪೋರ್ಟ್. ಮಧ್ಯಪ್ರದೇಶದ ಬುದ್ನಿಯೊಳಗ ಕೇಂದ್ರದ ಪರೀಕ್ಷಾ ಸಂಸ್ಥೆ ಅದ, ಟ್ರ್ಯಾಕ್ಟರ್ ಮಾಡೆಲ್‌ಗಳನ್ನ ಅಲ್ಲಿ ಟೆಸ್ಟ್ ಮಾಡ್ತಾರ. ಪಿಟಿಓ ಶಕ್ತಿ, ಡೀಸೆಲ್ ಖರ್ಚು, ಲಿಫ್ಟ್ ಎಷ್ಟು ಎತ್ತತದ ಎಲ್ಲಾ ಇರ್ತದ, ಆದ್ರ ನಮಗ ಬೇಕಾದ್ದು ಕೆಸರು ಗದ್ದಿ ಟೆಸ್ಟಿನ ಪುಟ. ಪಡ್ಲಿಂಗ್, ಅಂದ್ರ ದಮ್ಮು, ಮಾಡಿಸಿ ಆಮ್ಯಾಲ ಬಿಚ್ಚಿ ಯಾವ ಯಾವ ಭಾಗಕ್ಕ ನೀರು ಕೆಸರು ಹೊಕ್ಕದ ಅಂತ ಬರೀತಾರ. ಬಳ್ಳಾರಿಯವ್ರಿಗೆ ಪಕ್ಕದ ಅನಂತಪುರ ಜಿಲ್ಲೆ ಗಾರ್ಲದಿನ್ನೆಯೊಳಗೂ ಅಂಥದೇ ಕೇಂದ್ರದ ತರಬೇತಿ ಮತ್ತು ಪರೀಕ್ಷಾ ಸಂಸ್ಥೆ ಅದ.

ಸಿಂಧನೂರು_ಎರೆ
ಇದು ನಂಗ ಗೊತ್ತೇ ಇರಲಿಲ್ಲ. ಷೋರೂಮಿನ್ಯಾಗ ಕಾಪಿ ಕೇಳಿದ್ರ ಕೊಡ್ತಾರೇನು?

ರಾಯಚೂರು_ಅಗ್ರಿ_ಇಂಜಿ
ಕೇಳ್ರಿ ಅಣ್ಣ, ಸಬ್ಸಿಡಿ ಪಟ್ಟಿಗೆ ಸೇರಬೇಕಂದ್ರ ಆ ಟೆಸ್ಟ್ ಬೇಕೇ ಬೇಕು, ಡೀಲರ್ ಹತ್ರ ಇಲ್ಲದಿದ್ರ ಕಂಪನಿ ಹತ್ರ ಇರ್ತದ.

ಕ್ಯಾಂಪ್_ಶ್ರೀನು
ತೂಕದ ಬಗ್ಗೆನೂ ಹೇಳ್ರಪ್ಪ. ಕೆಸರಲ್ಲಿ ತೂಕ ಜಾಸ್ತಿ ಇದ್ದಷ್ಟೂ ಗಾಡಿ ಕೆಳಗಿನ ಗಟ್ಟಿ ಪದರ ಒಡೆದು ಇಳಿಯುತ್ತೆ, ಮುಂದಿನ ವರ್ಷ ಅದೇ ಜಾಗದಲ್ಲಿ ಮತ್ತೆ ಸಿಕ್ಕೊಳ್ಳುತ್ತೆ. ಕುಬೋಟಾ ಎಲ್4508 ನಮ್ಮ ಕಡೆ ಓಡಿದ್ದು ಅದಕ್ಕೇ, 45 ಎಚ್‌ಪಿ ಇದ್ದೂ 1,365 ಕೆಜಿ, ಫೋರ್ ವೀಲ್. 35 ಎಚ್‌ಪಿ ಹಳೇ ಗಾಡಿಗಳೇ 1,700 ಹತ್ರ ಇರ್ತಾವೆ. ಜಪಾನಿನವರು ಭತ್ತದ ಗದ್ದೆಗೇ ಅಂತ ಯೋಚನೆ ಮಾಡಿದ ಗಾಡಿ ಅದು. ಆದ್ರೆ ಟ್ರಾಲಿಗೆ ನೆಲ್ಲು ತುಂಬಿ ಮಿಲ್ಲಿಗೆ ಎಳೀಬೇಕಂದ್ರೆ ಹಗುರ ಗಾಡಿ ತೊಂದರೆ, ಹಿಂದಿನ ಟ್ರಾಲಿನೇ ಇದನ್ನ ತಳ್ಕೊಂಡು ಹೋಗುತ್ತೆ. ಅಂದ್ರೆ ಒಂದೇ ಗಾಡಿಲಿ ಎರಡೂ ಅನ್ನೋದು ಕಷ್ಟ.

ಸಿರುಗುಪ್ಪ_ಸೋನಾ
ಈಗ ಎಲ್ಲಾ ಕಂಪನಿದೂ 49 ಎಚ್‌ಪಿ ಗಾಡಿ ಯಾಕೆ ಜಾಸ್ತಿ ಅಂತ ಯಾರಾದ್ರೂ ಯೋಚನೆ ಮಾಡೀರಾ? 2023ರ ಜನವರಿ 1ರಿಂದ 50 ಎಚ್‌ಪಿ ಮೇಲಿನ ಟ್ರ್ಯಾಕ್ಟರಿಗೆ ಟ್ರೆಮ್ 4 ಅಂತ ಹೊಗೆ ನಿಯಮ ಬಂತು. ಅದಕ್ಕೆ ಕಾಮನ್ ರೈಲು ಅನ್ನೋ ಭಾರಿ ಒತ್ತಡದ ಡೀಸೆಲ್ ವ್ಯವಸ್ಥೆ, ಸೆನ್ಸರು, ಇಂಜಿನ್ ನಡೆಸೋ ಕಂಪ್ಯೂಟರು ಅಂದ್ರೆ ಇಸಿಯು ಎಲ್ಲ ಸೇರ್ತು ರೇಟೂ ಏರ್ತು. ಆಗ ಅದರ ಕೆಳಗಿನವು ಹಳೇ ಮೆಕ್ಯಾನಿಕಲ್ ಪಂಪಲ್ಲೇ ಉಳಿದ್ವು. ನಮ್ಮ ಪಂಪ್ ಕ್ಯಾಲಿಬ್ರೇಶನ್ ಅಂಗಡಿಯವನು ಇನ್‌ಲೈನ್ ಪಂಪ್ ಕಣ್ಣು ಮುಚ್ಕೊಂಡು ಬಿಚ್ತಾನೆ, ಕಾಮನ್ ರೈಲ್ ಅಂದ್ರೆ ಕೈ ಮುಗೀತಾನೆ. ಡೀಸೆಲಲ್ಲಿ ಸ್ವಲ್ಪ ನೀರಿದ್ರೂ ಅದು ಸಹಿಸಲ್ಲ, ನಾವು ಬ್ಯಾರೆಲಲ್ಲಿ ಡೀಸೆಲ್ ತಂದು ಹೊಲದಲ್ಲೇ ಬಕೆಟಲ್ಲಿ ಹಾಕೋ ಜನ. ಹೊಗೆ ಕಮ್ಮಿ ಆಗೋದು ಒಳ್ಳೇದೇ ನಾನು ಬ್ಯಾಡ ಅನ್ನಲ್ಲ, ಆದ್ರೆ ಆ ಗಾಡಿ ತರೋರು ಡೀಸೆಲ್ ಹಾಕೋ ಚಾಳಿ ಮೊದಲು ಬದಲಿಸಬೇಕು. ಜಾಳಿಗೆ ಇರೋ ಫನೆಲ್ಲು, ತಳ ತೊಳೆದ ಕ್ಯಾನು, ನೀರು ಬ್ಯಾರೆ ಮಾಡೋ ಫಿಲ್ಟರ್ ಬಟ್ಲ ದಿನಾ ನೋಡೋದು.

ಮಾನ್ವಿ_ಮಾವ
ಇದಕ್ಕ ನಾ ಅಂದಿದ್ದು ಹಳೇದು ಚಲೋ ಅಂತ.

ಪಾನಾ_18_19
ಮಾವ ಹಳೇದು ಎಲ್ಲಾ ಚಲೋ ಅಂದ್ರ ನಮ್ಮ ಅಂಗಡಿ ಯಾಕ ನಡೀತಿತ್ತು 😂 ಹಳೇ ಗಾಡಿ ರಿಪೇರಿ ಮಾಡೂಕ ಸುಲಭ, ಅಷ್ಟ. ಕಡಿಮಿ ಕೆಡ್ತೈತಿ ಅಂತ ಅಲ್ಲ. ನನ್ನ ಹತ್ರ ಬರೋದ್ರಾಗ ಇಂಜಿನ್ ಸತ್ತು ಬರೋದು ಕಮ್ಮಿ, ಸೀಲಿಂದ ಸುರು ಆಗಿ ಬೇರಿಂಗು, ಗೇರು, ಪಂಪು ತಿಂದು ಬರೋದೇ ಜಾಸ್ತಿ. ಅದಕ್ಕ ಯಾರು ಆಕ್ಸಲ್ಲು, ಬ್ರೇಕು, ಸೀಲು ಚಲೋ ಮಾಡ್ಯಾರೋ ಅವ್ರ ಗಾಡಿಗೆ ರೊಕ್ಕ ಕೊಡ್ರಿ. ಮೀಟರ್ ಡಿಜಿಟಲ್ ಆಗೈತಿ ಅಂತ ಕೊಡಬ್ಯಾಡ್ರಿ.

ಕಾರಟಗಿ_ಹುಡುಗ
ಎಲ್ಲಾರಿಗೂ ಧನ್ಯವಾದ್ರೀ. ತಮ್ಮನ ಜೊತಿ ಕುಂತು ಮಾತಾಡಿದ್ವಿ. ಹಳೇ ಗಾಡಿಗೆ ಸೀಲು, ಬ್ರೇಕ್ ಲೈನರು, ಆಯಿಲ್ ಅಷ್ಟ ಮಾಡಸ್ತೀವಿ, ಲಿಫ್ಟ್ ಸುಧಾರಿಸಿದ್ರ ಅದನ್ನ ಟ್ರಾಲಿಗೆ ಮತ್ತ ಒಣಾ ಹೊಲಕ್ಕ ಇಟ್ಕೊಂತೀವಿ. ಕೆಸರು ಕೆಲ್ಸಕ್ಕ ಈ ಹಂಗಾಮು ಬಾಡಿಗಿ ಗಾಡಿನೇ ಕರಸ್ತೀವಿ, ಬ್ಯಾರೆ ಬ್ಯಾರೆ ಕಂಪನಿ ಫೋರ್ ವೀಲ್ ಕರಸಿ ನೋಡ್ತೀವಿ, ಯಾವುದರ ಮುಂದಿನ ಆಕ್ಸಲ್ ಹ್ಯಾಂಗೈತಿ ಅಂತ ಡ್ರೈವರ್‌ಗಳನ್ನ ಕೇಳಿದ್ರ ಷೋರೂಮಿಗಿಂತ ಖರೇ ಉತ್ತರ ಸಿಗ್ತೈತಿ. ಮುಂದಿನ ವರ್ಷ ನೀರು ಬಂದ್ರ ಆಗ ನೋಡೋಣ. ಸಿಂಧನೂರು ಅಣ್ಣಾ, ನಿಮ್ಮ ಕಡಿ ಮುಂದಿನ ಆಕ್ಸಲ್ ಸೀಲ್ ಕಿಟ್ ಲೋಕಲ್‌ನಾಗ ಸಿಗ್ತೈತೇನು ಇಲ್ಲಾ ಆರ್ಡರ್ ಹಾಕಬೇಕೋ?

ಸಿಂಧನೂರು_ಎರೆ
ಆರ್ಡರ್ ಹಾಕಬೇಕು, ಹಂಗಾಮಿನ್ಯಾಗ ಸ್ಟಾಕ್ ಇರಂಗಿಲ್ಲ. ನಾನು ಈಗ ಒಂದು ಸೆಟ್ ಮನ್ಯಾಗೇ ಇಟ್ಕೊಂಡೀನಿ. ಬಾಕ್ಸ್ ಮ್ಯಾಲಿನ ನಂಬರನ್ನ ಹಳೇ ಸೀಲಿನ ಮ್ಯಾಲಿನ ನಂಬರ್ ಜೊತಿ ಕೂಡಿಸಿ ನೋಡಿ ತಗೋರಿ. ಒಂದೇ ಮಾಡೆಲ್ ಇದ್ರೂ ನಡುವ ಕಂಪನಿಯವ್ರು ಸೈಜು ಬದಲಿಸಿರ್ತಾರ, ಅಂಗಡಿಯವ್ರಿಗೂ ಹೇಳಿರಂಗಿಲ್ಲ.